ಮನೆ ಬದಲಾದರೂ ಬದಲಾಗದ ಕಾಗದ



ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಇರುವ ನಾವು ದಾನಿಗಳ ಹೆಸರಿನ ನಡುವೆಯೇ ಓಡಾಡುತ್ತೇವೆ. ಒಂದು ಕಡೆ ಬಿ.ವಿ. ಭೂಮರಡ್ಡಿ ಕಾಲೇಜು, ಇನ್ನೊಂದು ಕಡೆ ಪಿ.ಸಿ. ಜಾಬಿನ ವಿಜ್ಞಾನ ಕಾಲೇಜು. ತಮ್ಮ ಗಳಿಕೆ ತಮ್ಮ ಮನೆಯೊಳಗೇ ಮುಗಿಯಬಾರದು ಎಂದುಕೊಂಡವರ ಹೆಸರುಗಳಿವು. ಈ ಪರಂಪರೆಯಲ್ಲಿ ನನ್ನ ಮಟ್ಟಿಗೆ ಎಲ್ಲಕ್ಕಿಂತ ಎತ್ತರದಲ್ಲಿರುವುದು ಒಂದು ಮೃತ್ಯುಪತ್ರ. ಬೆಳಗಾವಿ ಜಿಲ್ಲೆಯ ಶಿರಸಂಗಿಯ ಲಿಂಗರಾಜ ದೇಸಾಯಿಯವರದು. 1861ರಲ್ಲಿ ಹುಟ್ಟಿ, ಶಿರಸಂಗಿ ವಾಡೆಗೆ ದತ್ತು ಬಂದವರು. 1904ರಲ್ಲಿ ಹಾನಗಲ್ಲ ಕುಮಾರ ಸ್ವಾಮಿಗಳ ಪ್ರೇರಣೆಯಿಂದ ಧಾರವಾಡದಲ್ಲಿ ನೆರೆದ ಮೊದಲ ವೀರಶೈವ ಮಹಾಸಭೆಗೆ ಅಧ್ಯಕ್ಷರಾದವರು. 1906ರಲ್ಲಿ, ಐವತ್ತು ತುಂಬುವ ಮೊದಲೇ, ಲಿಂಗೈಕ್ಯರಾದರು. ದತ್ತು ತೆಗೆದುಕೊಂಡು ದೇಸಗತಿ ಮುಂದುವರಿಸುವುದು ಆ ಕಾಲದ ವಾಡಿಕೆ, ಅವರೇ ಆ ವಾಡಿಕೆಯಿಂದ ಬಂದವರು. ಆದರೂ ಅವರು ತಮ್ಮ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯೆಗೆ ಬರೆದಿಟ್ಟರು. ಅವರ ಹೆಸರಿನ ಟ್ರಸ್ಟಿನಿಂದ ಓದಿದ ಬಡ ಹುಡುಗರು ಈ ಸೀಮೆಯ ತುಂಬ ಇದ್ದಾರೆ. 1933ರಲ್ಲಿ ಕೆ.ಎಲ್.ಇ. ಸಂಸ್ಥೆ ಬೆಳಗಾವಿಯಲ್ಲಿ ಕಾಲೇಜು ತೆರೆದಾಗ ಅದಕ್ಕೆ ಅವರ ಹೆಸರನ್ನೇ ಇಟ್ಟಿತು.

ಈ ಮಾತು ತೆಗೆದದ್ದು ನೀವೂ ಆಸ್ತಿ ದಾನ ಮಾಡಿರಿ ಎನ್ನಲಿಕ್ಕಲ್ಲ. ಮನೆತನದ ವಾಡಿಕೆ ಒಂದಿತ್ತು, ಅವರ ಎದುರಿಗಿದ್ದ ಕಾಲ ಬೇರೆ ಇತ್ತು. ವಾಡಿಕೆ ಹೇಳಿದ್ದನ್ನು ಬಿಟ್ಟು ಕಾಲ ಕೇಳಿದ್ದನ್ನು ಅವರು ಬರೆದರು. ಈ ಶ್ರಾವಣದಲ್ಲಿ ನಿಮ್ಮ ಮುಂದೆ ಇಡಬೇಕೆಂದಿರುವುದು ಅಷ್ಟೇ: ನಿಮ್ಮ ಮನೆಯ ಕಾಗದ ನಿಮ್ಮ ಇಂದಿನ ಮನೆಯನ್ನು ನೋಡಿದೆಯೆ?

ಈ ಪ್ರಶ್ನೆ ಕೇಳಿದ ಕೂಡಲೆ ನಮ್ಮಲ್ಲಿ ಮೊದಲು ಬರುವ ಉತ್ತರ ಗೊತ್ತಿದೆ. "ಯಪ್ಪಾ, ಹಬ್ಬದ ದಿನದಾಗ ಆ ಅಪಶಕುನದ ಮಾತ್ಯಾಕ?" ಇದನ್ನು ಯಾರು ಬೇಕಾದರೂ ಹೇಳಲಿ, ಶರಣರ ಹೆಸರು ಹೇಳುವವರು ಮಾತ್ರ ಹೇಳಬಾರದು. ಮರಣಕ್ಕೆ ಸೂತಕವೇ ಇಲ್ಲ ಎಂದವರು ನಮ್ಮ ಹಿರಿಯರು. ಲಿಂಗದಲ್ಲಿ ಬೆರೆಯುವುದು ಹಬ್ಬ ಎಂದು ನಂಬಿದವರ ಮಕ್ಕಳು, ಆ ಹಬ್ಬದ ನಂತರ ಮನೆಯವರು ಎಲ್ಲಿ ಇರಬೇಕು, ಏನು ಉಣ್ಣಬೇಕು ಎಂದು ಬರೆದಿಡಲು ಹೆದರುವುದು ವಿಚಿತ್ರ. ಎರಡನೆಯ ಉತ್ತರ ಇನ್ನೂ ಸಲೀಸು: "ನಮ್ಮನಿಯಾಗ ಹಂಗೇನಿಲ್ಲ ಬಿಡ್ರಿ, ಎಲ್ಲಾರೂ ಚಲೋ ಅದಾರ." ಚಲೋ ಇದ್ದಾಗಲೇ ಬರೆಯಬೇಕು. ಕೆಟ್ಟ ಮೇಲೆ ಬರೆಯಲು ಕೂತರೆ ಪ್ರತಿ ಸಾಲಿಗೂ ಒಬ್ಬರು ಮುನಿಸಿಕೊಳ್ಳುತ್ತಾರೆ.

ಮೂರನೆಯ ಉತ್ತರ ಕೊಡುವವರ ಜೊತೆಗೇ ಇಂದು ನನ್ನ ಮಾತು. ಅವರು ಎದೆ ಉಬ್ಬಿಸಿ, "ನಾನು ಇಪ್ಪತ್ತು ವರ್ಷದ ಹಿಂದನ ಮೃತ್ಯುಪತ್ರ ಮಾಡಿಸೇನಿ, ತಿಜೋರಿಯೊಳಗ ಐತಿ" ಎನ್ನುತ್ತಾರೆ. ಬರೆಯದವರಿಗಿಂತ ಇವರ ಮನೆಯಲ್ಲಿ ಕೆಲವೊಮ್ಮೆ ಹೆಚ್ಚು ಅನ್ಯಾಯ ಆಗುತ್ತದೆ. ಬರೆಯದಿದ್ದರೆ ಕಾನೂನಾದರೂ ಮಕ್ಕಳಿಗೆ ಸಮನಾಗಿ ಹಂಚುತ್ತದೆ. ಬರೆದದ್ದು ಹಳತಾದರೆ, ಇಪ್ಪತ್ತು ವರ್ಷದ ಹಿಂದಿನ ಮನುಷ್ಯ ಬಂದು ಇಂದಿನ ಮಕ್ಕಳಿಗೆ ಪಾಲು ಹಾಕುತ್ತಾನೆ.

ಒಂದು ಮನೆಯನ್ನು ಉದಾಹರಣೆಗೆ ಹೇಳುತ್ತೇನೆ, ಯಾರದೆಂದು ಹುಡುಕಬೇಡಿ. ನಿವೃತ್ತ ಮಾಸ್ತರರು. 2003ರಲ್ಲಿ ಮೃತ್ಯುಪತ್ರ ಬರೆದರು. ವಿದ್ಯಾನಗರದ ಮನೆ ಹಿರಿಮಗನಿಗೆ, ನವಲಗುಂದದ ಕಡೆಯ ಎರೆಹೊಲ ಕಿರಿಮಗನಿಗೆ, ಬಂಗಾರ ಹೆಂಡತಿಗೆ. ಮಗಳ ಲಗ್ನಕ್ಕೆ ಖರ್ಚು ಮಾಡಿ ಆಗಿತ್ತು, ಅವಳ ಹೆಸರು ಇಲ್ಲ. ಎಲ್ಲವೂ ಅವರ ದುಡಿಮೆಯಿಂದ ಬಂದದ್ದು, ಹಂಚುವ ಹಕ್ಕೂ ಅವರದೇ. ಅಂದಿನ ಲೆಕ್ಕದಲ್ಲಿ ಮನೆಗೂ ಹೊಲಕ್ಕೂ ಹೆಚ್ಚುಕಡಿಮೆ ಒಂದೇ ಬೆಲೆ. ಮಾಸ್ತರರು ನ್ಯಾಯವಂತರೇ. ಆಮೇಲೆ ಹೆಂಡತಿಗೆ ಹೃದಯದ ಆಪರೇಷನ್ ಬಂತು, ಹಿರಿಮಗನ ಮಗನಿಗೆ ಎಂಜಿನಿಯರಿಂಗ್ ಸೀಟು ಬಂತು. ಹೊಲ ಮಾರಿದರು. ಹಿರಿಮಗ ಬೆಂಗಳೂರಿನಲ್ಲಿ ಫ್ಲ್ಯಾಟು ಕೊಂಡು ನೆಲೆಸಿದ. ಕಿರಿಮಗ ಇಲ್ಲೇ ಉಳಿದು ತಾಯಿಯ ಕೊನೆಯ ದಿನ ನೋಡಿದ, ತಂದೆಯನ್ನು ಸ್ನಾನಕ್ಕೆ ಕೈಹಿಡಿದು ಕರೆದೊಯ್ದ. ಮಾಸ್ತರರು ಹೋದರು. ತಿಜೋರಿ ತೆರೆದರೆ ಏನಿದೆ? ಮನೆ ಹಿರಿಮಗನದು. ಕಿರಿಮಗನಿಗೆ ಬರೆದ ಹೊಲ ಈಗಿಲ್ಲ. ಇಲ್ಲದ ವಸ್ತುವನ್ನು ಬರೆದಿದ್ದರೆ ಆ ಕೊಡುಗೆಯೂ ಇಲ್ಲ. ಮಾರಿದ ದುಡ್ಡಿನಲ್ಲಿ ಉಳಿದದ್ದು ಬ್ಯಾಂಕಿನಲ್ಲಿದ್ದರೂ ಅದು ಹೊಲದ ಬದಲಿಗೆ ಕಿರಿಮಗನಿಗೆ ಬರುವುದಿಲ್ಲ. ತಂದೆಯನ್ನು ನೋಡಿಕೊಂಡ ಮಗ ತಂದೆಯ ಮನೆಯಲ್ಲಿ ಅಣ್ಣನ ಕರುಣೆಯ ಮೇಲೆ ಇರಬೇಕಾಯಿತು.

ಇಲ್ಲಿ ಕೆಟ್ಟವರು ಯಾರು? ಹಿರಿಮಗ ಮೋಸ ಮಾಡಲಿಲ್ಲ, ಮಾಸ್ತರರು ಪಕ್ಷಪಾತ ಮಾಡಲಿಲ್ಲ. ಹೊಲ ಮಾರಿದ ದಿನ ಮೃತ್ಯುಪತ್ರ ತೆಗೆದು ನೋಡಲಿಲ್ಲ, ಅಷ್ಟೇ. ಆ ಒಂದು ಅಲಕ್ಷ್ಯ ಇಬ್ಬರು ಅಣ್ಣತಮ್ಮಂದಿರನ್ನು ಕೋರ್ಟಿನ ಮೆಟ್ಟಿಲ ಮೇಲೆ ನಿಲ್ಲಿಸುತ್ತದೆ. ಮಾರುವುದೊಂದೇ ಅಲ್ಲ. ಬಿಆರ್‌ಟಿಎಸ್ ರಸ್ತೆ ಅಗಲವಾದಾಗ ಹುಬ್ಬಳ್ಳಿ-ಧಾರವಾಡದ ನಡುವೆ ಎಷ್ಟು ಅಂಗಡಿ, ಎಷ್ಟು ಮನೆಯ ಮುಂಭಾಗ ಹೋದವು ಎಂದು ನಮ್ಮ ಕಣ್ಣೆದುರೇ ಇದೆ. ರಸ್ತೆಗೆ ಹೋದ ಜಾಗ ಇನ್ನೂ ಮೃತ್ಯುಪತ್ರದಲ್ಲಿ ಕೂತಿದ್ದರೆ, ಅದನ್ನು ಪಡೆಯುವ ಮಗ ಆ ರಸ್ತೆಯಲ್ಲಿ ಓಡುವ ಚಿಗರಿ ಬಸ್ಸಿನ ಗಾಲಿಯ ಕೆಳಗಿನ ಡಾಂಬರು ಪಡೆಯುತ್ತಾನೆ.

ಬಸವಣ್ಣನವರು ಕಲ್ಯಾಣದಲ್ಲಿ ಯಾವ ಕೆಲಸದಲ್ಲಿದ್ದರು? ಭಂಡಾರಿ. ಹಣ ತನ್ನದಲ್ಲ, ಲೆಕ್ಕ ಮಾತ್ರ ತನ್ನದು. ಕೊಂಡೆಯರು ಬಿಜ್ಜಳನ ಕಿವಿ ಊದಿ ಭಂಡಾರ ಬರಿದಾಗಿದೆ ಎಂದು ದೂರಿದಾಗ, ಲೆಕ್ಕ ತೆಗೆದರೆ ಒಂದು ಹೊನ್ನೂ ಕಡಿಮೆ ಬರಲಿಲ್ಲ ಎಂದು ಪುರಾಣ ಹೇಳುತ್ತದೆ. ಪವಾಡವೆಂದು ಕೈಮುಗಿದು ಬಿಡುತ್ತೇವೆ. ನನಗೆ ಅಲ್ಲಿ ಪವಾಡಕ್ಕಿಂತ ಭಂಡಾರಿಯ ಶಿಸ್ತು ಕಾಣುತ್ತದೆ: ಯಾವ ದಿನ ಕೇಳಿದರೂ ಆ ದಿನದ ಲೆಕ್ಕ ಸರಿಯಿತ್ತು. ಮನೆ, ಹೊಲ, ಠೇವಣಿ ಎಲ್ಲ ನಮಗೆ ಒಪ್ಪಿಸಿದ್ದು, ನಮ್ಮದಲ್ಲ ಎಂದು ನಾವು ಪ್ರವಚನದಲ್ಲಿ ತಲೆಯಾಡಿಸುತ್ತೇವಲ್ಲ, ಹಾಗಿದ್ದರೆ ಇಪ್ಪತ್ತು ವರ್ಷದ ಹಿಂದಿನ ಲೆಕ್ಕ ತೋರಿಸುವ ಭಂಡಾರಿಯನ್ನು ಏನೆನ್ನಬೇಕು?

ಆಯ್ದಕ್ಕಿ ಲಕ್ಕಮ್ಮನ ಕತೆಯೂ ನಿಮಗೆ ಗೊತ್ತು. ಮಹಾಮನೆಯ ಮುಂದೆ ಚೆಲ್ಲಿದ ಅಕ್ಕಿ ಆಯ್ದು ತರುವ ಕಾಯಕ ಮಾರಯ್ಯನದು. ಒಂದು ದಿನ ಎಂದಿಗಿಂತ ಹೆಚ್ಚು ತಂದ. ಅವಳು ಒಪ್ಪಲಿಲ್ಲ, ಅಲ್ಲಿಯೇ ಸುರಿದು ಬಾ ಎಂದು ವಾಪಸು ಕಳಿಸಿದಳು. ಆಸೆ ಬೇಡ ಎನ್ನುವ ಪಾಠವನ್ನು ಎಲ್ಲರೂ ಹೇಳುತ್ತಾರೆ. ದಿನವೂ ತಂದದ್ದೇ ಅಕ್ಕಿ, ದಿನವೂ ಅದೇ ಗಂಡ, ಆದರೂ ಆ ಹೆಂಗಸು ಅಂದಂದಿನ ಅಕ್ಕಿಯನ್ನು ಅಂದಂದೇ ನೋಡಿದಳು ಎನ್ನುವುದನ್ನು ಯಾರೂ ಹೇಳುವುದಿಲ್ಲ.

ಇನ್ನು ಕಾನೂನಿನ ಮಾತು. ಧರ್ಮಸಭೆಯಲ್ಲಿ ಕಾನೂನು ಯಾಕೆ ಎನ್ನಬೇಡಿ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ತನ್ನ ಎರಡನೆಯ ಕಲಮಿನಲ್ಲೇ ವೀರಶೈವ, ಲಿಂಗಾಯತ ಎಂದು ನಮ್ಮ ಹೆಸರು ಹಿಡಿದು ಕರೆದಿದೆ. ನಾವು ಹಿಂದೂಗಳೋ ಅಲ್ಲವೋ ಎಂಬ ವಾದ ಬೇರೆ ವೇದಿಕೆಗಿರಲಿ, ಆಸ್ತಿಯ ವಿಷಯಕ್ಕೆ ಇಂದು ನಮಗೆ ಹತ್ತುವುದು ಆ ಕಾಯ್ದೆಯೇ.

ಮೃತ್ಯುಪತ್ರದ ವಿಷಯದಲ್ಲಿ ಬಹಳ ಜನ ತಪ್ಪು ತಿಳಿದಿರುವ ಸಂಗತಿ ಒಂದಿದೆ. ನಮ್ಮ ನೆರೆಯ ಕ್ರೈಸ್ತ ಬಂಧುಗಳು ಮದುವೆಗೆ ಮುಂಚೆ ಮೃತ್ಯುಪತ್ರ ಬರೆದಿದ್ದರೆ, ಮದುವೆಯಾದ ದಿನವೇ ಅದು ರದ್ದಾಗುತ್ತದೆ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 69ನೆಯ ಕಲಮು ಹಾಗೆ ಹೇಳುತ್ತದೆ. ನಮಗೆ ಆ ಕಲಮು ಹತ್ತುವುದಿಲ್ಲ. ಲಗ್ನವಾಗದೆ ಇದ್ದಾಗ ಎಲ್ಲವನ್ನೂ ತಮ್ಮನಿಗೆ ಬರೆದಿಟ್ಟವನು ಲಗ್ನವಾಗಿ, ಎರಡು ಮಕ್ಕಳಾಗಿ, ಆ ಕಾಗದ ಮರೆತು ತೀರಿಕೊಂಡರೆ, ಕಾಗದ ಜೀವಂತವಾಗಿಯೇ ಇರುತ್ತದೆ. ಹೆಂಡತಿ ಬಂದದ್ದು, ಮಗು ಹುಟ್ಟಿದ್ದು, ವಿಚ್ಛೇದನವಾದದ್ದು, ಮಗ ತೀರಿ ಸೊಸೆ ಒಂಟಿಯಾದದ್ದು ಯಾವುದೂ ಅದನ್ನು ಮುಟ್ಟುವುದಿಲ್ಲ. ನಾವೇ ಮುಟ್ಟಬೇಕು.

ಹೆಣ್ಣುಮಕ್ಕಳ ಪಾಲಿಗೆ ಕಾನೂನೇ ನಡೆದು ಬಂದಿದೆ. ಕರ್ನಾಟಕ 1994ರಲ್ಲಿ ಲಗ್ನವಾಗದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳ ಸಮಾನ ಹಕ್ಕು ಕೊಟ್ಟಿತು. 2005ರ ಸೆಪ್ಟೆಂಬರ್ 9ರಿಂದ ಇಡೀ ದೇಶದಲ್ಲಿ ಲಗ್ನವಾದವರಿಗೂ ಆ ಹಕ್ಕು ಬಂತು. ಆ ದಿನ ತಂದೆ ಬದುಕಿರಲೇಬೇಕು ಎಂದಿಲ್ಲ, ಇದು ಹುಟ್ಟಿನಿಂದ ಬರುವ ಹಕ್ಕು ಎಂದು ಸುಪ್ರೀಂ ಕೋರ್ಟು 2020ರ ಆಗಸ್ಟ್‌ನಲ್ಲಿ ತೀರ್ಮಾನಿಸಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ಕ್ರಮಬದ್ಧವಾಗಿ ಆಗಿಹೋದ ವಾಟ್ನಿ, ವಿಲೇವಾರಿಗಳು ಮಾತ್ರ ಇದಕ್ಕೆ ಹೊರತು. ಅಂದರೆ 2005ಕ್ಕಿಂತ ಮುಂಚೆ "ಪಿತ್ರಾರ್ಜಿತ ಹೊಲದಲ್ಲಿ ನನ್ನ ಪಾಲು ಇಷ್ಟು" ಎಂದು ಎಣಿಸಿ ಬರೆದ ಅಪ್ಪನ ಎಣಿಕೆಯೇ ಈಗ ತಪ್ಪು. ಮಗಳು ಲೆಕ್ಕಕ್ಕೆ ಬಂದ ಮೇಲೆ ಅಪ್ಪನ ಪಾಲು ಸಣ್ಣದಾಗಿದೆ. ತನ್ನದಲ್ಲದ್ದನ್ನು ಯಾರೂ ಬರೆದುಕೊಡಲಾರರು.

ಇಲ್ಲಿ ಒಂದು ಕಹಿ ಮಾತು ಹೇಳಿಯೇ ಮುಂದೆ ಹೋಗುತ್ತೇನೆ. ಪಂಚಮಿಗೆ ತವರಿಗೆ ಬಂದ ಮಗಳಿಗೆ ಉಂಡಿ ತಿನ್ನಿಸಿ, ಜೋಕಾಲಿ ಆಡಿಸಿ, ಹೊರಡುವಾಗ ಸೀರೆ-ಕುಬಸದ ಜೊತೆ ಹಕ್ಕುಬಿಡುಗಡೆ ಪತ್ರವನ್ನೂ ಮುಂದೆ ಹಿಡಿಯುವ ಮನೆಗಳು ನಮ್ಮಲ್ಲಿವೆ. ಅಣ್ಣನ ಮನಸ್ಸು ನೋಯಬಾರದು, ತವರಿನ ಬಾಗಿಲು ಮುಚ್ಚಬಾರದು ಎಂದು ಅವಳು ಸಹಿ ಹಾಕುತ್ತಾಳೆ. ಅಕ್ಕ ನಾಗಮ್ಮನಿಗೆ ಇಲ್ಲದ ಜನಿವಾರ ತನಗೂ ಬೇಡ ಎಂದು ಮನೆ ಬಿಟ್ಟ ಬಾಲಕನ ಕತೆ ಹೇಳಿ ನಾವು ಬಸವ ಜಯಂತಿ ಮಾಡುತ್ತೇವೆ! ಅವಳು ನಿಜವಾಗಿಯೂ ಬೇಡವೆಂದರೆ ಬೇಡ. ಆದರೆ ಕೇಳುವ ಹೊತ್ತು ಉಡಿ ತುಂಬುವ ಹೊತ್ತಲ್ಲ.

ತಾಯಂದಿರೇ, ನಿಮ್ಮ ಮೃತ್ಯುಪತ್ರ ಎಲ್ಲಿದೆ? ನಗಬೇಡಿ. ಈ ಬಡಾವಣೆಯಲ್ಲಿ ಕಾಲೇಜಿನಲ್ಲಿ ಕಲಿಸಿದ, ಕಿಮ್ಸ್‌ನಲ್ಲಿ ದುಡಿದ, ಬ್ಯಾಂಕಿನಲ್ಲಿ ಕೆಲಸ ಮಾಡಿ ಪಿಂಚಣಿ ಪಡೆಯುವ ಎಷ್ಟೋ ಅಕ್ಕಂದಿರು ಇದ್ದೀರಿ. ಮನೆ ನಿಮ್ಮ ಹೆಸರಿಗೂ ಇದೆ. ಅದೇ 1956ರ ಕಾಯ್ದೆಯ 15ನೆಯ ಕಲಮು ಹೆಣ್ಣಿನ ಸ್ವಂತ ಗಳಿಕೆಗೆ ಬೇರೆಯೇ ದಾರಿ ಹಾಕಿದೆ. ಮಕ್ಕಳೂ ಗಂಡನೂ ಇಲ್ಲದವಳು ಏನೂ ಬರೆಯದೆ ಹೋದರೆ, ಆಸ್ತಿ ಮೊದಲು ಗಂಡನ ವಾರಸದಾರರಿಗೆ ಹೋಗುತ್ತದೆ. ಅವಳ ಹೆತ್ತವರ ಸರದಿ ಆಮೇಲೆ. ಇದು ಪುಸ್ತಕದ ಮಾತಲ್ಲ. 2009ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟ ಪ್ರಕರಣದಲ್ಲಿ, ಲಗ್ನವಾದ ಮೂರೇ ತಿಂಗಳಿಗೆ ಗಂಡ ತೀರಿದ ಒಬ್ಬ ಹುಡುಗಿಯನ್ನು ಅತ್ತೆಯ ಮನೆಯವರು ಹೊರಹಾಕಿದ್ದರು. ತವರಿನವರು ಓದಿಸಿದರು, ಅವಳು ನೌಕರಿ ಮಾಡಿ ಹಣ ಕೂಡಿಟ್ಟಳು. ಮೃತ್ಯುಪತ್ರ ಬರೆಯಲಿಲ್ಲ. ಅವಳು ತೀರಿದ ಮೇಲೆ ಆ ಹಣಕ್ಕೆ ಗಂಡನ ಅಕ್ಕತಂಗಿಯ ಮಕ್ಕಳು ಬಂದರು. ಕೋರ್ಟು ಕಾಯ್ದೆಯಲ್ಲಿದ್ದಂತೆ ಅವರಿಗೇ ಕೊಟ್ಟಿತು, ಓದಿಸಿದ ತಾಯಿಗೆ ಏನೂ ಬರಲಿಲ್ಲ. ನ್ಯಾಯಮೂರ್ತಿಗಳಿಗೂ ಅದು ಕಠಿಣ ಎನಿಸಿತ್ತು, ಆದರೆ ಕರುಣೆಯಿಂದ ಕಾನೂನು ಬದಲಾಗದು ಎಂದರು. 2025ರ ನವೆಂಬರ್‌ನಲ್ಲಿ ಕನ್ನಡ ನಾಡಿನ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಪೀಠ ಇದೇ ಕಲಮಿನ ಮೇಲಿನ ಅರ್ಜಿ ಬಂದಾಗ, ಹೆಣ್ಣುಮಕ್ಕಳೆಲ್ಲ ಮೃತ್ಯುಪತ್ರ ಬರೆದಿಡಿ ಎಂದು ಮನವಿಯನ್ನೇ ಮಾಡಿತು. ಒಂದು ಪುಟದ ಕಾಗದ ಇದ್ದಿದ್ದರೆ ಆ ತಾಯಿಯ ಮುಪ್ಪು ಬೇರೆಯಾಗುತ್ತಿತ್ತು.

ನಾಮಿನಿಯ ಮಾತು ಚಿಕ್ಕದು, ಆದರೆ ಜಗಳ ದೊಡ್ಡದು. ಬ್ಯಾಂಕಿನಲ್ಲಿ ನಾಮಿನಿ ಎಂದು ಹೆಸರು ಕೊಟ್ಟರೆ ಹಣ ಅವರದೇ ಆಯಿತು ಎಂದು ತಿಳಿದಿದ್ದೇವೆ. ನಾಮಿನಿ ಸಾಮಾನ್ಯವಾಗಿ ಹಣ ಕೈಗೆ ಪಡೆದು ವಾರಸದಾರರಿಗೆ ಮುಟ್ಟಿಸಬೇಕಾದವನು. ಶೇರುಗಳ ವಿಷಯದಲ್ಲೂ ಸುಪ್ರೀಂ ಕೋರ್ಟು 2023ರಲ್ಲಿ ಇದನ್ನೇ ಹೇಳಿತು. ವಿಮೆಯಲ್ಲಿ ಹೆಂಡತಿ, ಗಂಡ, ಮಕ್ಕಳು, ಹೆತ್ತವರನ್ನು ಹೆಸರಿಸಿದರೆ ಹಣ ಅವರಿಗೇ ಸಲ್ಲಬೇಕೆಂದು 2015ರ ತಿದ್ದುಪಡಿ ಹೇಳುತ್ತದೆ. ಭವಿಷ್ಯನಿಧಿಯಲ್ಲಿ ಕುಟುಂಬ ಇಲ್ಲದಾಗ ಕೊಟ್ಟ ಹೆಸರು ಲಗ್ನವಾದ ಮೇಲೆ ನಡೆಯುವುದಿಲ್ಲ, ಹೊಸದಾಗಿ ಕೊಡಬೇಕು. 2025ರ ನವೆಂಬರ್ 1ರಿಂದ ಬ್ಯಾಂಕ್ ಠೇವಣಿಗೆ ನಾಲ್ಕು ಜನರವರೆಗೆ ಹೆಸರಿಸಬಹುದು. ಮೃತ್ಯುಪತ್ರದಲ್ಲಿ ಮಗಳ ಹೆಸರು, ಬ್ಯಾಂಕಿನಲ್ಲಿ ಮೂವತ್ತು ವರ್ಷದ ಹಿಂದೆ ತೀರಿಹೋದ ಅಣ್ಣನ ಹೆಸರು: ಹೀಗೆ ಎರಡು ಕಾಗದ ಎರಡು ಮಾತಾಡಿದರೆ ಓಡಾಡುವುದು ಮಗಳೇ.

ತಿದ್ದುವುದು ಹೇಗೆ? ಬಹಳ ಜನ ಪೆನ್ನು ತೆಗೆದು ಒಂದು ಹೆಸರಿಗೆ ಗೀಟು ಹಾಕಿ ಪಕ್ಕದಲ್ಲಿ ಸಹಿ ಮಾಡುತ್ತಾರೆ. ಅದು ನಡೆಯುವುದಿಲ್ಲ, ತಿದ್ದಿದ್ದಕ್ಕೂ ಬರೆದದ್ದಕ್ಕೆ ಇದ್ದಷ್ಟೇ ಶಾಸ್ತ್ರ ಬೇಕು, ಇಬ್ಬರು ಸಾಕ್ಷಿಗಳ ಸಹಿ ಬೇಕು. ಬದಲಾವಣೆ ಸಣ್ಣದಾದರೆ ಪುರವಣಿ ಬರೆಯಬಹುದು. ನನ್ನನ್ನು ಕೇಳಿದರೆ, ಹಿಂದಿನದೆಲ್ಲ ರದ್ದು ಎಂದು ಮೊದಲ ಸಾಲಿನಲ್ಲೇ ಹೇಳಿ ಹೊಸದನ್ನೇ ಬರೆಯುವುದು ಮೇಲು. ಛಾಪಾ ಕಾಗದ ಬೇಕಿಲ್ಲ, ರಜಿಸ್ಟರ್ ಕಡ್ಡಾಯವಲ್ಲ. ಆದರೂ ಸಬ್ ರಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿದರೆ ಕಳೆಯುವ ಭಯವಿಲ್ಲ. ಮುಚ್ಚಿದ ಲಕೋಟೆಯಲ್ಲಿ ಜಿಲ್ಲಾ ನೋಂದಣಾಧಿಕಾರಿಯ ಬಳಿ ಠೇವಣಿ ಇಡುವ ಅನುಕೂಲವೂ ಇದೆ. ಸಾಕ್ಷಿಗೆ ನಿಮಗಿಂತ ಹತ್ತಿಪ್ಪತ್ತು ವರ್ಷ ಚಿಕ್ಕವರನ್ನು, ಪಾಲು ಪಡೆಯದವರನ್ನು ಹಿಡಿಯಿರಿ. ವಾರಿಗೆಯ ಗೆಳೆಯರನ್ನು ಸಾಕ್ಷಿ ಮಾಡಿದರೆ ಕೋರ್ಟು ಕರೆದಾಗ ಅವರೂ ನಿಮ್ಮ ಹಿಂದೆಯೇ ಬಂದಿರುತ್ತಾರೆ. ಮನೆಯ ಸಿಟಿಎಸ್ ನಂಬರು, ಹೊಲದ ಸರ್ವೆ ನಂಬರು ಇಂದಿನ ಉತಾರದಲ್ಲಿ ಇರುವಂತೆ ಬರೆಯಿರಿ. ಕೊನೆಗೆ, ಹೆಸರಿಸದೆ ಉಳಿದದ್ದೆಲ್ಲ ಯಾರಿಗೆ ಎಂಬ ಒಂದು ಸಾಲು ಮರೆಯಬೇಡಿ. ಮಾಸ್ತರರ ಕಾಗದದಲ್ಲಿ ಇಲ್ಲದೆ ಹೋದದ್ದು ಆ ಸಾಲೂ ಹೌದು.

ತಿದ್ದುವುದಕ್ಕೂ ಹೊತ್ತಿದೆ. ಐಸಿಯುನಲ್ಲಿ ಮಲಗಿದ ಮುದುಕನ ಹೆಬ್ಬೆರಳಿಗೆ ಮಸಿ ಹಚ್ಚುವುದನ್ನು ನವೀಕರಣ ಎನ್ನುವುದಿಲ್ಲ, ಅದು ಕಳವು. ಕೊನೆಯ ಮೃತ್ಯುಪತ್ರವೇ ಊರ್ಜಿತ ಎಂಬ ನಿಯಮವನ್ನು ಕಳ್ಳರೂ ಬಲ್ಲರು. ಹಳೆಯ ಮೈಸೂರು ಸೀಮೆಯ ಒಬ್ಬ ವಯಸ್ಸಾದ ಹೆಣ್ಣುಮಗಳ ಮೃತ್ಯುಪತ್ರದ ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಗಿ, 1958ರ ನವೆಂಬರ್‌ನಲ್ಲಿ ತೀರ್ಪು ಬಂತು. ಕಾಗದ ಬರೆಸುವುದರಲ್ಲಿ ಮುಂದಾಗಿದ್ದವನಿಗೇ ಅದರಿಂದ ಲಾಭವಿದ್ದರೆ, ಸಂಶಯ ಕಳೆಯುವ ಹೊಣೆ ಅವನ ಮೇಲೆಯೇ ಎಂದು ಕೋರ್ಟು ಹೇಳಿ ಆ ಮೃತ್ಯುಪತ್ರವನ್ನು ಒಪ್ಪಲಿಲ್ಲ. ಇಂದಿಗೂ ದೇಶದ ಯಾವ ಕೋರ್ಟಿನಲ್ಲಿ ಮೃತ್ಯುಪತ್ರದ ತಕರಾರು ಬಂದರೂ ಮೊದಲು ತೆಗೆಯುವುದು ಆ ತೀರ್ಪನ್ನೇ. ಬರೆದ ನ್ಯಾಯಮೂರ್ತಿ ಗಜೇಂದ್ರಗಡಕರ್ ನಮ್ಮ ಗಜೇಂದ್ರಗಡದ ಹೆಸರು ಹೊತ್ತವರು, ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದವರು. ಆದ್ದರಿಂದ ಆರೋಗ್ಯ ಇರುವಾಗ, ಡಾಕ್ಟರ ಒಂದು ಪ್ರಮಾಣಪತ್ರ ಜೊತೆಗಿಟ್ಟು, ಲಾಭ ಪಡೆಯುವವರನ್ನು ಕೋಣೆಯ ಹೊರಗೆ ಕೂಡಿಸಿ ಬರೆಯಿರಿ. ಬರೆದ ಮೇಲೆ ಕಾಗದ ಎಲ್ಲಿದೆ ಎಂದು ಹೇಳಿರಿ. ಯಾರಿಗೆ ಏನು ಎಂದು ಹೇಳಬೇಕೋ ಬೇಡವೋ ನಿಮ್ಮ ಮನೆಯ ಸ್ವಭಾವ ನೋಡಿ. ಒಬ್ಬರಿಗೆ ಕಡಿಮೆ ಕೊಟ್ಟಿದ್ದರೆ ಕಾರಣವನ್ನು ಎರಡು ಸಾಲಿನಲ್ಲಿ ಅದರಲ್ಲೇ ಬರೆಯಿರಿ, ಆ ಎರಡು ಸಾಲು ಎಷ್ಟೋ ಕಣ್ಣೀರು ಒರೆಸುತ್ತವೆ.

ಇನ್ನೊಂದು ಕಾಗದವೂ ಇದೆ. ವಾಸಿಯಾಗುವ ಆಸೆಯಿಲ್ಲದ ಸ್ಥಿತಿಯಲ್ಲಿ ಯಂತ್ರಗಳ ಮೇಲೆ ತಮ್ಮನ್ನು ಇಡಬೇಕೋ ಬೇಡವೋ ಎಂದು ಮೊದಲೇ ಬರೆದಿಡುವುದು. ಸುಪ್ರೀಂ ಕೋರ್ಟು 2018ರಲ್ಲಿ ಒಪ್ಪಿದ್ದನ್ನು ನಮ್ಮ ರಾಜ್ಯ ಸರಕಾರ 2025ರ ಜನವರಿಯಲ್ಲಿ ಆದೇಶ ಮಾಡಿ ಜಾರಿಗೆ ತಂದಿದೆ. ಮಕ್ಕಳ ತಲೆಯ ಮೇಲೆ ಆ ನಿರ್ಧಾರದ ಭಾರ ಹೊರಿಸಬಾರದು ಎನ್ನುವವರು ಇದನ್ನೂ ಜೊತೆಗೆ ಮಾಡಬಹುದು.

ಮಠಗಳಿಗೂ ಈ ಮಾತು ಸಲ್ಲುತ್ತದೆ. ಉತ್ತರಾಧಿಕಾರಿಯ ಹೆಸರನ್ನು ಒಮ್ಮೆ ಬರೆದು, ಮತ್ತೊಮ್ಮೆ ಬಾಯಲ್ಲಿ ಇನ್ನೊಬ್ಬರ ಹೆಸರು ಹೇಳಿ, ಕಾಗದ ತಿದ್ದದೆ ಲಿಂಗೈಕ್ಯರಾದ ಪೂಜ್ಯರ ಹಿಂದೆ ಭಕ್ತರು ಎರಡು ಪಂಗಡವಾಗುವುದನ್ನು ಈ ನಾಡು ಕಂಡಿದೆ. ನಮಗೆ ಬುದ್ಧಿ ಹೇಳುವ ಪೀಠಗಳು ತಮ್ಮ ತಿಜೋರಿಯನ್ನೂ ಒಮ್ಮೆ ತೆರೆದು ನೋಡಲಿ ಎಂದು ಕೈಮುಗಿದೇ ಕೇಳುತ್ತೇನೆ.

ಎಷ್ಟು ವರ್ಷಕ್ಕೊಮ್ಮೆ ನೋಡಬೇಕು ಎಂದು ಕೇಳುವಿರಿ. ವರ್ಷ ಎಣಿಸಬೇಡಿ, ಮನೆಯನ್ನು ನೋಡಿರಿ. ಮನೆಯಲ್ಲಿ ಲಗ್ನವಾದಾಗ, ತೊಟ್ಟಿಲು ತೂಗಿದಾಗ, ಯಾರಾದರೂ ತೀರಿದಾಗ, ಗಂಡಹೆಂಡತಿ ಬೇರೆಯಾದಾಗ, ಆಸ್ತಿ ಕೊಂಡಾಗ, ಮಾರಿದಾಗ, ಮಗ ಅಮೆರಿಕದಲ್ಲೇ ಉಳಿಯುವುದು ಖಚಿತವಾದಾಗ ಕಾಗದ ತೆಗೆಯಬೇಕು. ಏನೂ ಆಗದಿದ್ದರೂ ಶ್ರಾವಣಕ್ಕೊಮ್ಮೆ ತೆಗೆದು ಓದಿರಿ. ಬದಲಿಸುವುದು ಏನೂ ಇಲ್ಲವಾದರೆ ಹಾಗೆಯೇ ಒಳಗಿಡಿ.

ಇಂದು ಪ್ರಸಾದ ತೆಗೆದುಕೊಂಡು ಮನೆಗೆ ಹೋದ ಮೇಲೆ ತಿಜೋರಿ ತೆರೆಯಿರಿ. ಮೃತ್ಯುಪತ್ರ, ಠೇವಣಿ ರಸೀದಿ, ವಿಮೆಯ ಪಾಲಿಸಿ, ಉತಾರ ಎಲ್ಲವನ್ನೂ ಹೊರಗಿಟ್ಟು ಗಂಡಹೆಂಡತಿ ಕೂತು ಓದಿರಿ. ಹೆಸರಿದ್ದವರು ಬದುಕಿದ್ದಾರೆಯೆ, ಬರೆದ ಆಸ್ತಿ ಇದೆಯೆ, ಮನೆಯಲ್ಲಿ ಇರುವವರ ಹೆಸರೆಲ್ಲ ಅದರಲ್ಲಿ ಇದೆಯೆ ನೋಡಿರಿ. ಒಂದಕ್ಕಾದರೂ "ಇಲ್ಲ" ಬಂದರೆ, ಶ್ರಾವಣ ಮುಗಿಯುವುದರೊಳಗೆ ಒಬ್ಬ ವಕೀಲರನ್ನು ಕಾಣಿರಿ.